ಬಂಗಿನ ಬೆನ್ನು ಹತ್ತಿ ಚೈನಾಟೌನ್‌ಗೆ

ಎರಡನೆಯ ಹೆರಿಗೆಯ ನಂತರ ನನ್ನ ಕೆನ್ನೆಗಳ ಮೇಲೂ ಮೇಲ್ದುಟಿಯ ಮೇಲೂ ಮೂಡಿದ ಬಂಗು ನಾಲ್ಕು ವರ್ಷವಾದರೂ ಮಾಸಿರಲಿಲ್ಲ. ಒಮ್ಮೆ ಊರಿಗೆ ಹೋದಾಗ ಔಷಧದ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಂಡು ಹಚ್ಚಿದ ಮುಲಾಮು ಎರಡು ತಿಂಗಳು ಮುಖವನ್ನು ತಿಳಿಯಾಗಿಸಿತು; ನಿಲ್ಲಿಸಿದ ಮೇಲೆ ಮೊದಲಿಗಿಂತ ಗಾಢವಾದ ಕಲೆಯನ್ನೂ, ಬಿಸಿಲು ತಾಗಿದರೆ ಉರಿಯುವ ತೆಳು ಚರ್ಮವನ್ನೂ ಉಳಿಸಿತು. ಅದರಲ್ಲಿ ಸ್ಟೀರಾಯ್ಡ್ ಇತ್ತೆಂಬುದು ನಾನು ನೆಲೆಸಿರುವ ಸಿಂಗಪುರದ ಚರ್ಮವೈದ್ಯರು ಹೇಳಿದಾಗಲೇ ನನಗೆ ತಿಳಿದದ್ದು. ಅವರ ಚಿಕಿತ್ಸೆ ನಡೆದಿರುವಾಗಲೇ, ಅವರಿಗೆ ತಿಳಿಸಿಯೇ, ನೆರೆಮನೆಯವರ ಮಾತಿನಂತೆ ಚೀನೀ ವೈದ್ಯರನ್ನೂ ಕಾಣಲು ಹೊರಟೆ.

ಇಲ್ಲಿನ ಚೈನಾಟೌನಿನ ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿಯಲ್ಲಿ ಕೈಮುಗಿದು, ಪಕ್ಕದ ಓಣಿಯಲ್ಲಿದ್ದ ಔಷಧಾಲಯವನ್ನು ಹೊಕ್ಕೆ. ಇಲ್ಲಿನವರು ಇಂತಹ ವೈದ್ಯರನ್ನು ‘ಸಿನ್‌ಸೆ’ ಎನ್ನುತ್ತಾರೆ. 2000ರ ಕಾಯಿದೆಯ ಪ್ರಕಾರ ಅವರು ಚೀನೀ ವೈದ್ಯರ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು; ಗೋಡೆಯ ಮೇಲಿದ್ದ ಪ್ರಮಾಣಪತ್ರವನ್ನು ಓದಿಯೇ ನಾನು ಕುಳಿತೆ.

ಅರವತ್ತರ ಆಸುಪಾಸಿನ ಆ ವೈದ್ಯೆ ಮೊದಲು ಮುಖವನ್ನು ನೋಡಲೇ ಇಲ್ಲ. ನನ್ನ ಮಣಿಕಟ್ಟನ್ನು ಪುಟ್ಟ ದಿಂಬಿನ ಮೇಲಿರಿಸಿ, ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ನಾಡಿಯ ಮೇಲಿಟ್ಟು, ಒಮ್ಮೆ ಹಗುರವಾಗಿ ಒಮ್ಮೆ ಒತ್ತಿ, ಕಣ್ಣು ಮುಚ್ಚಿ ಕುಳಿತರು. ಆಮೇಲೆ ನಾಲಿಗೆ ಚಾಚಲು ಹೇಳಿ ಅದರ ಅಂಚುಗಳನ್ನು ನೋಡಿದರು. ನಿದ್ದೆ ಹೇಗೆ ಬರುತ್ತದೆ, ಮುಟ್ಟಿನ ರಕ್ತ ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ, ಕೈಕಾಲು ತಣ್ಣಗಿರುತ್ತವೆಯೇ ಎಂದು ಒಂದೊಂದಾಗಿ ಕೇಳಿ, ಕೊನೆಗೆ, “ಸಿಟ್ಟು ಬಂದರೆ ಆಡಿಬಿಡುತ್ತೀರೋ, ನುಂಗಿಕೊಳ್ಳುತ್ತೀರೋ?” ಎಂದರು. ಕಲೆಗೆಂದು ಹೋದವಳಿಗೆ ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಗದಗಿನಲ್ಲಿ ಹಾಸಿಗೆ ಹಿಡಿದಿದ್ದ ಅಪ್ಪನನ್ನೂ, ಇಲ್ಲಿಂದ ಏನೂ ಮಾಡಲಾಗದ ನನ್ನ ಸಂಕಟವನ್ನೂ ನಾನು ಹೇಳಿಕೊಂಡೆ.

ಯಕೃತ್ತಿನ ‘ಚಿ’, ಅಂದರೆ ಪ್ರಾಣಶಕ್ತಿ, ಕಟ್ಟಿಕೊಂಡಿದೆ, ರಕ್ತ ಸರಾಗವಾಗಿ ಹರಿಯುತ್ತಿಲ್ಲ ಎಂದು ಅವರು ಹೇಳಿದಾಗ ನನಗೆ ಭಯವಾಯಿತು. ಬಂಗಿಗೆ ಅವರ ಹಳೆಯ ಹೆಸರುಗಳಲ್ಲೊಂದು ‘ಗಾನ್‌ಬಾನ್’, ಅಂದರೆ ಯಕೃತ್ತಿನ ಕಲೆ ಎಂಬುದನ್ನು ಕೇಳಿದ ಮೇಲಂತೂ ಭಯ ಹೆಚ್ಚಿತು. ಅವರ ಶಾಸ್ತ್ರದಲ್ಲಿ ಯಕೃತ್ತೆಂದರೆ ಬರಿಯ ಅಂಗವಲ್ಲ, ದೇಹದಲ್ಲೂ ಮನಸ್ಸಿನಲ್ಲೂ ಎಲ್ಲವನ್ನೂ ತಡೆಯಿಲ್ಲದೆ ಹರಿಯಗೊಡುವ ಕೆಲಸಕ್ಕೆ ಇಟ್ಟ ಹೆಸರು ಎಂದು ಅವರು ಬಿಡಿಸಿ ಹೇಳಿದರು. ರಕ್ತ ಕಟ್ಟದೆ ಕಲೆ ಮೂಡದು ಎಂಬುದು ಅವರಲ್ಲಿ ರೂಢಿಯ ಮಾತು. ನಮ್ಮ ಸುಶ್ರುತ ಸಂಹಿತೆಯೂ ಇದೇ ರೋಗವನ್ನು ‘ವ್ಯಂಗ’ವೆಂದು ಕರೆದು, ಕೋಪದಿಂದಲೂ ಆಯಾಸದಿಂದಲೂ ಕೆರಳಿದ ವಾಯು ಪಿತ್ತದೊಡನೆ ಕೂಡಿ ಮುಖದಲ್ಲಿ ಕಲೆಯಾಗುತ್ತದೆ ಎನ್ನುತ್ತದೆ. ಬೇರೆ ಬೇರೆ ನೆಲದ ಎರಡು ಶಾಸ್ತ್ರಗಳು ಮುಖದ ಕಲೆಯ ಹಿಂದೆ ಮನಸ್ಸಿನ ಬೇಗೆಯನ್ನು ಕಂಡದ್ದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ.

ಬರೆದುಕೊಟ್ಟದ್ದು ‘ಶಿಯಾವ್‌ಯಾವ್ ಸಾನ್’ ಎಂಬ, ಸುಂಗ್ ರಾಜವಂಶದ ಕಾಲದಿಂದ ಬಂದ ಔಷಧಯೋಗ. ಅದಕ್ಕೆ ಒಂದೆರಡು ವಸ್ತುಗಳನ್ನು ಸೇರಿಸಿದ್ದರು. ಅಂಗಡಿಯವರು ಮರದ ಖಾನೆಗಳನ್ನು ಎಳೆದೆಳೆದು, ಕೈತಕ್ಕಡಿಯಲ್ಲಿ ತೂಗಿ, ಕಾಗದದ ಮೇಲೆ ಗುಡ್ಡೆ ಹಾಕಿದರು. ದಾಂಗ್‌ಕ್ವೆ ಎಂಬ ಬೇರಿನ ಬಿಲ್ಲೆಗಳು, ಫೂಲಿಂಗ್ ಎಂಬ ಅಣಬೆಯ ಬಿಳಿಯ ತುಂಡುಗಳು, ನಮ್ಮ ಜ್ಯೇಷ್ಠಮಧು. ಎಲ್ಲಕ್ಕೂ ಮೇಲೆ ಚಿಟಿಕೆಯಷ್ಟು ಕೆಂಪು ಎಸಳು. ಅದನ್ನು ಬೆರಳಲ್ಲಿ ಹೊಸಕಿ ಮೂಸಿದ ಕೂಡಲೇ ಗುರುತು ಹತ್ತಿತು: ಕುಸುಬೆ! ಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ನಮ್ಮವರು ಸುತ್ತಲೂ ಬಿತ್ತುತ್ತಿದ್ದ ಮುಳ್ಳುಗಿಡದ ಹೂವು. ನಮಗೆ ಅದರ ಎಣ್ಣೆ ಬೇಕಿತ್ತು, ಹೂವನ್ನು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಅದು ಕಟ್ಟಿದ ರಕ್ತವನ್ನು ಹರಿಸುವ ಮದ್ದು. ಆ ಕಾರಣಕ್ಕೇ ನಾನು ಬಸಿರಿಯಲ್ಲವೆಂದೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿಲ್ಲವೆಂದೂ ವೈದ್ಯೆ ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದರು.

ಮುಖಲೇಪಕ್ಕೆ ಬಾಯ್‌ಜ್ರ್ ಎಂಬ ಬೇರಿನ ಪುಡಿಯನ್ನೂ ಕೊಡಿ ಎಂದಾಗ ಅವರು ಒಪ್ಪಲಿಲ್ಲ. ಮುಖ ಬೆಳ್ಳಗಾಗಲೆಂದು ಹಿಂದಿನಿಂದಲೂ ಹಚ್ಚುವ ಬೇರಾದರೂ ಅದರಲ್ಲಿರುವ ಫ್ಯೂರೊಕೂಮರಿನ್‌ ಎಂಬ ರಾಸಾಯನಿಕಗಳು ಚರ್ಮವನ್ನು ಬಿಸಿಲಿಗೆ ಕೆರಳಿಸಬಲ್ಲವು. ತೊನ್ನಿಗೆ ನಾವು ಬಳಸುವ ಬಾವಂಚಿ ಬೀಜದಲ್ಲಿರುವುದೂ ಅದೇ ಜಾತಿಯ ವಸ್ತು. ಭೂಮಧ್ಯರೇಖೆಯಿಂದ ಒಂದೇ ಡಿಗ್ರಿ ದೂರದ ಈ ಊರಿನಲ್ಲಿ ಅದು ತಕ್ಕದ್ದಲ್ಲವೆಂದು ಹೇಳಿ, ಚರ್ಮವೈದ್ಯರು ಕೊಟ್ಟಿದ್ದ, ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನನ್ನು ಒಂದು ದಿನವೂ ಬಿಡಬೇಡಿ ಎಂದರು. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಆ ರಾತ್ರಿ ಮಣ್ಣಿನ ಮಡಕೆಯಲ್ಲಿ ಮೂರು ಬಟ್ಟಲು ನೀರನ್ನು ಒಂದು ಬಟ್ಟಲಿಗೆ ಇಳಿಸುತ್ತಿದ್ದಾಗ ಅವ್ವನ ಫೋನ್ ಬಂತು. “ಕುಸುಬಿ ಹೂವಾ ಕುದಿಸಿ ಕುಡೀತೀಯೇನವಾ?” ಎಂದು ಅವ್ವ ಬೆರಗಾದಳು. ಆಮೇಲೆ ನಾವಿಬ್ಬರೂ ಅಪ್ಪನ ಬಗ್ಗೆ, ಅದುವರೆಗೆ ಆಡದೆ ಉಳಿದಿದ್ದ ಮಾತುಗಳನ್ನೆಲ್ಲ ಆಡಿದೆವು.

ನಾಲ್ಕು ತಿಂಗಳು ಕಷಾಯ ಕುಡಿದೆ. ನಡುವೆ ಚರ್ಮವೈದ್ಯರು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿದರು, ದೋಷವೇನೂ ಕಾಣಲಿಲ್ಲ. ಮುಟ್ಟಿನ ನೋವು ತಗ್ಗಿತು, ನಿದ್ದೆ ಮರಳಿತು, ಕೆನ್ನೆಯ ಬಂಗು ಅರ್ಧದಷ್ಟು ತಿಳಿಯಾಯಿತು. ಇದರಲ್ಲಿ ಕಷಾಯದ ಪಾಲೆಷ್ಟು, ಚರ್ಮವೈದ್ಯರ ಮುಲಾಮಿನ ಪಾಲೆಷ್ಟು, ಬಿಸಿಲು ತಪ್ಪಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಬಾರದು, ಆದ್ದರಿಂದ ಕಷಾಯವೇ ಗುಣಪಡಿಸಿತೆಂದು ನಾನು ಯಾರಿಗೂ ಹೇಳುವುದಿಲ್ಲ. ಮೇಲ್ದುಟಿಯ ಕಲೆ ಇನ್ನೂ ಹಾಗೆಯೇ ಇದೆ.