ಖಾಲಿ ಉಳಿದ ಚೌಕಗಳು

ನಾನು ಆಸ್ಟ್ರೇಲಿಯಾದಲ್ಲಿ ಟೀಚರ್. ಅವತ್ತು ಬೆಳಿಗ್ಗೆ ಇಯರ್ 10ಕ್ಕೆ, ಅಂದರೆ ಹತ್ತನೇ ಕ್ಲಾಸಿಗೆ, ಸ್ಟೋಲನ್ ಜನರೇಷನ್ಸ್ (ಕದ್ದೊಯ್ದ ತಲೆಮಾರುಗಳು) ಪಾಠ ಮಾಡಿದ್ದೆ. ಇಲ್ಲಿನ ಮೂಲನಿವಾಸಿಗಳಾದ ಅಬಾರಿಜಿನಲ್ ಜನರ ಮಕ್ಕಳನ್ನು ಅಮ್ಮಂದಿರಿಂದ ಕಿತ್ತುಕೊಂಡು ಹೋಮ್‌ಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸಿದ ಕಥೆ. 1910ರಿಂದ 1970ರ ನಡುವೆ ಹತ್ತು ಮಕ್ಕಳಲ್ಲಿ ಒಂದರಿಂದ ಹಿಡಿದು ಮೂರರಲ್ಲಿ ಒಂದರವರೆಗೆ ಹೀಗೆ ಒಯ್ದಿರಬಹುದು ಅನ್ನುತ್ತದೆ ಇದರ ಬಗ್ಗೆ ನಡೆದ ತನಿಖೆಯ 1997ರ ವರದಿ. ಕಿಂಚೆಲಾ ಬಾಯ್ಸ್ ಹೋಮ್‌ನಲ್ಲಿ ಹುಡುಗರನ್ನು ಹೆಸರು ಬಿಟ್ಟು ನಂಬರಿನಿಂದ ಕರೆಯುತ್ತಿದ್ದರು ಅಂತಲೂ ನಾನು ಮಕ್ಕಳಿಗೆ ಹೇಳಿದೆ. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ ವಿಡಿಯೊ ಹಾಕಿದೆ. ಪಾಠ ಚೆನ್ನಾಗಿ ಆಯಿತು ಅನಿಸಿತ್ತು.

ಮಧ್ಯಾಹ್ನ ಇಯರ್ 7. ಯೂನಿಟ್ ಪ್ಲಾನ್‌ನಲ್ಲಿ (ಶಾಲೆಯ ಪಾಠಯೋಜನೆ) ವಂಶವೃಕ್ಷದ ಹಾಳೆ ಇತ್ತು, ಹದಿನೈದು ಚೌಕ. ಮೊದಲು ಬೋರ್ಡ್ ಮೇಲೆ ನಮ್ಮ ಮನೆಯದ್ದೇ ಬರೆದೆ. ಹಾಸನದ ಮುತ್ತಜ್ಜನವರೆಗೂ ಹೆಸರುಗಳು ಸಲೀಸಾಗಿ ಬಂದವು.

ಕಿಟಕಿ ಪಕ್ಕದ ಹುಡುಗಿಯ ಹಾಳೆಯಲ್ಲಿ ಅಮ್ಮನ ಹೆಸರಿತ್ತು. ಅದರ ಮೇಲೆ ‘ನ್ಯಾನ್’, ಅಂದರೆ ಅಜ್ಜಿ. ಅದರ ಮೇಲಿನ ಎರಡು ಚೌಕದಲ್ಲಿ ಏನೋ ಬರೆದು ಬರೆದು ಅಳಿಸಿದ್ದಳು. ಕಾಗದ ತೆಳುವಾಗಿ ನವಿರೆದ್ದಿತ್ತು. ನಾನು ಅದನ್ನು ನೋಡಿದೆ. ನೋಡಿಯೂ, ಎಲ್ಲರಿಗೂ ಕೇಳುವ ಹಾಗೆ, ‘ಇವತ್ತು ಮನೆಗೆ ಹೋಗಿ ಅಜ್ಜಿನ ಕೇಳು, ಅವರಿಗೆ ಗೊತ್ತಿರತ್ತೆ’ ಅಂದೆ.

‘ನ್ಯಾನ್‌ಗೂ ಗೊತ್ತಿಲ್ಲ ಮಿಸ್. ಅವರನ್ನ ಚಿಕ್ಕವರಿದ್ದಾಗಲೇ ತಗೊಂಡು ಹೋದರಂತೆ.’

ಇಪ್ಪತ್ತನಾಲ್ಕು ಮಕ್ಕಳ ಕ್ಲಾಸು ಗಪ್‌ಚುಪ್. ಗೋಡೆ ಗಡಿಯಾರದಲ್ಲಿ ಬೆಲ್‌ಗೆ ಇನ್ನೂ ಹನ್ನೊಂದು ನಿಮಿಷ. ನನ್ನ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಬೆಳಿಗ್ಗೆ ಅಷ್ಟು ಮಾತಾಡಿದವಳು ನಾನೇ ಅಲ್ವಾ? ರೋಲ್‌ನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಅವಳ ಹೆಸರಿನ ಪಕ್ಕ ಕೂರಿ (ಆಗ್ನೇಯ ಆಸ್ಟ್ರೇಲಿಯಾದ ಅಬಾರಿಜಿನಲ್ ಜನ) ವಿದ್ಯಾರ್ಥಿ ಅನ್ನುವ ಗುರುತಿತ್ತು. ಎರಡು ವಾರದಿಂದ ದಿನಾ ಕಾಣುತ್ತಿತ್ತು. ಆ ಅಂಕಿಗಳ ಪೈಕಿ ಒಬ್ಬರ ಮೊಮ್ಮಗಳು ನನ್ನ ಎದುರೇ ಕೂತಿರಬಹುದು ಅಂತ ಹೊಳೆಯಲೇ ಇಲ್ಲ. ಕೊನೆಗೆ ನಾನು ಮಾಡಿದ್ದೇನು? ‘ಸರಿ, ಎಲ್ಲರೂ ಪುಸ್ತಕ ತೆಗೀರಿ’ ಅಂದೆ. ಅವಳ ಮಾತು ಕೇಳಿಸಲೇ ಇಲ್ಲವೇನೋ ಅನ್ನೋ ಹಾಗೆ. ಹಾಳೆ ಕೊಟ್ಟಿದ್ದಕ್ಕಿಂತ ಆ ಮಾತೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಮಾರನೇ ವಾರ ನಮ್ಮ ಕೇಸೋ, ಅಂದರೆ ಕೂರಿ ಮಕ್ಕಳ ವಿಷಯದಲ್ಲಿ ಶಾಲೆಗಳಿಗೆ ನೆರವಾಗುವ ಅಧಿಕಾರಿ, ಬಂದರು. ಅವರೂ ಕೂರಿ ಸಮುದಾಯದವರೇ. ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವಳನ್ನ ಯಾರ್ಯಾರು ನೋಡ್ಕೋತಾರೆ ಅಂತ ಕೇಳಿದ್ದರೆ ಈ ಹಾಳೆ ಸಾಲ್ತಿರಲಿಲ್ಲ’ ಅಂದರು. ಚಿಕ್ಕಮ್ಮಂದಿರು, ದೊಡ್ಡಮ್ಮಂದಿರು, ಅವರ ಮಕ್ಕಳು, ಎಲ್ಲರೂ ಅವಳಿಗೆ ಮನೆಯವರೇ. ಕೇಸೋ ಅಂಥವರನ್ನು ಯೂನಿಟ್ ಪ್ಲಾನ್ ಬರೆಯುವಾಗಲೇ ಕರೆಯಬೇಕು. ನಮ್ಮಲ್ಲಿ ಏನಾದರೂ ಆದಮೇಲೆ ಕರೆಯುತ್ತಾರೆ, ಅವರಿಗೋ ನೋಡಿಕೊಳ್ಳಲು ಎಷ್ಟೋ ಶಾಲೆಗಳು. ಈ ವಿಷಯದಲ್ಲಿ ಟೀಚರುಗಳಾದ ನಮಗೆ ಸಿಕ್ಕ ಪಿಡಿ (ತರಬೇತಿ) ಒಂದೇ ಗಂಟೆಯದು. ಅದರಲ್ಲಿ ಜಾಸ್ತಿ ಹೊತ್ತು ಅಕ್ನಾಲೆಜ್‌ಮೆಂಟ್ ಆಫ್ ಕಂಟ್ರಿ (ಸಭೆಯ ಶುರುವಿನಲ್ಲಿ ಈ ನೆಲದ ಮೂಲನಿವಾಸಿಗಳನ್ನು ನೆನೆಯುವ ಮಾತು) ಹೇಗೆ ಓದಬೇಕು ಅನ್ನೋದಕ್ಕೇ ಹೋಯಿತು.

ಹಾಳೆ ಈಗಲೂ ಪ್ಲಾನ್‌ನಲ್ಲಿದೆ. ತೆಗೆಯಿರಿ ಅಂತ ಎರಡು ಸಲ ಬರೆದೆ, ಮುಂದಿನ ರಿವ್ಯೂನಲ್ಲಿ ನೋಡೋಣ ಅಂದರು. ನನ್ನ ಕ್ಲಾಸಿನಲ್ಲಿ ಈಗ ಚೌಕಗಳಿಲ್ಲದ ಬಿಳಿ ಹಾಳೆ. ನಿನ್ನನ್ನು ನೋಡಿಕೊಳ್ಳುವವರ ಹೆಸರು ಬರೆ, ಇಷ್ಟವಿದ್ದರೆ ಮಾತ್ರ.

ಅವಳ ಹತ್ತಿರ ಕ್ಷಮೆ ಕೇಳಿದ್ದು ಲಾಕರ್ ಹತ್ತಿರ, ನಾಲ್ಕು ದಿನ ತಡವಾಗಿ. ‘ಪರವಾಗಿಲ್ಲ ಮಿಸ್’ ಅಂದಳು, ನನ್ನ ಮುಖ ನೋಡದೆ. ಲಾಕರ್ ಮುಚ್ಚಿ ಗೆಳತಿಯರ ಜೊತೆ ಹೋದಳು.