ಗುಡ್ಡ ಹತ್ತಿದ ಕಾಲು ಪ್ರಾಗ್‌ನಲ್ಲಿ ಸೋತಿದ್ದು

ಶಿವಮೊಗ್ಗಕ್ಕೆ ವಾಪಸ್ ಬಂದು ಹತ್ತು ದಿನ ಆಯ್ತು, ಎಡಗಾಲಿನ ಹೆಬ್ಬೆಟ್ಟಿನ ಉಗುರು ಇನ್ನೂ ಕಪ್ಪಗೇ ಇದೆ. ಹೊರಗೆ ಮಳೆ ಹಿಡ್ಕಂಡಿದೆ, ಕರೆಂಟ್ ಬರೋದು ಹೋಗೋದು ಮಾಡ್ತಿದೆ, ಲ್ಯಾಪ್‌ಟಾಪಲ್ಲಿ ಚಾರ್ಜ್ ಇರೋದ್ರೊಳಗೆ ಬರೆದು ಮುಗಿಸ್ಬೇಕು. ಅಮ್ಮ ದಿನಾ ರಾತ್ರಿ ಹರಳೆಣ್ಣೆ ಹಚ್ಚು ಅಂತಾಳೆ, ಹಚ್ತಿದೀನಿ. ಯಾರಾದ್ರೂ ಯುರೋಪ್ ಹೆಂಗಿತ್ತು ಅಂತ ಕೇಳಿದ್ರೆ ನಂಗೆ ಮೊದ್ಲು ನೆನಪಾಗೋದು ಚರ್ಚೂ ಅಲ್ಲ ಕೋಟೆನೂ ಅಲ್ಲ, ಈ ಹೆಬ್ಬೆಟ್ಟು.

ನಾವು ಮೂರು ಜನ. ಹಾಸ್ಟೆಲಲ್ಲಿ ಊರಿನ ಹೆಸರಿಂದ ಕರೆದು ಕರೆದು ಈಗ ಹೆಂಡ್ತೀರೂ ಹಂಗೇ ಕರೀತಾರೆ, ಒಬ್ಬ ಸೊರಬ, ಒಬ್ಬ ಕೊಪ್ಪ, ನಾನು ತೀರ್ಥಳ್ಳಿ. ಸೊರಬ ಇರೋದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಜೂನ್ ಕೊನೇಲಿ ನಾನೂ ಕೊಪ್ಪನೂ ಅವನ ಮನೆಗೆ ಹೋಗಿದ್ವಿ. ಅಲ್ಲಿಂದ ಚೆಕ್ ದೇಶದ ಪ್ರಾಗ್‌ಗೆ ಬಸ್ಸಲ್ಲಿ ಸುಮಾರು ಎರಡು ಗಂಟೆ, ನಾವು ಶಿವಮೊಗ್ಗದಿಂದ ಜೋಗಕ್ಕೆ ಹೋದಂಗೆ, ಅಷ್ಟರಲ್ಲಿ ದೇಶವೇ ಬದಲಾಗಿ ದುಡ್ಡೂ ಬದಲಾಗುತ್ತೆ, ಯೂರೋ ಹೋಗಿ ಕೊರುನಾ ಬರುತ್ತೆ. ಬೆಳಿಗ್ಗೆ ಹೋಗಿ ರಾತ್ರಿ ಬಂದ್ಬಿಡಣ ಅಂತ ಆಯ್ತು.

ಕೊಪ್ಪ ಎಕ್ಸೆಲ್ ಶೀಟ್ ಮಾಡಿದ್ದ. ಒಂದೇ ದಿನಕ್ಕೆ ಹದಿನಾಲ್ಕು ಜಾಗ, ಪ್ರತಿಯೊಂದಕ್ಕೂ ಎಷ್ಟೆಷ್ಟು ನಿಮಿಷ ಅಂತ ಬೇರೆ. ಉಚ್ಚೆಗೆ ಹೋಗಕ್ಕೆ ಟೈಮ್ ಇಟ್ಟಿರ್ಲಿಲ್ಲ, ಕೂರಕ್ಕಂತೂ ಇಲ್ಲವೇ ಇಲ್ಲ. ಅವತ್ತು ನಾನೇ ಜಂಬ ಕೊಚ್ಚಿದ್ದು, "ಎಂತ ಮಾರಾಯ, ಕೊಡಚಾದ್ರಿ ಹತ್ತಿದೋರು ನಾವು, ಕವಲೇದುರ್ಗನ ಚಪ್ಪಲಿ ಹಾಕ್ಕಂಡು ಹತ್ತಿದೀವಿ, ಇದೊಂದು ಊರು ಸುತ್ತಕ್ಕೆ ಹೆದರ್ತೀಯಲ್ಲ" ಅಂತ ಸೊರಬನಿಗೆ. ಅವ್ನು ನನ್ನ ಕಾಲು ನೋಡಿದ, ದುರ್ಗಿಗುಡಿಯಲ್ಲಿ ತಗಂಡ ಹೊಸ ಶೂ, ಏನೂ ಮಾತಾಡ್ಲಿಲ್ಲ. ಗೊತ್ತಿತ್ತು ಅವನಿಗೆ, ಹೇಳ್ಬೋದಿತ್ತು.

ಬಸ್ ಇಳಿದು ಸೀದಾ ಹಳೇ ಪೇಟೆಯ ಚೌಕಕ್ಕೆ ನಡೆದ್ವಿ. ಅಲ್ಲಿನ ಗಡಿಯಾರ 1410ರದ್ದು, ಇವತ್ತಿಗೂ ನಡೀತಿದೆ. ಸೂರ್ಯ ಎಲ್ಲಿದಾನೆ, ಚಂದ್ರ ಎಲ್ಲಿದಾನೆ, ಯಾವ ರಾಶಿ ಎಲ್ಲಾ ತೋರಿಸುತ್ತೆ, ಗೋಡೆಗೆ ಹಾಕಿದ ಪಂಚಾಂಗ ಅನ್ನಿ. ಗಂಟೆ ಹೊಡೆಯೋ ಹೊತ್ತಿಗೆ ಅಸ್ಥಿಪಂಜರ ಒಂದು ಹಗ್ಗ ಎಳೆದು ಗಂಟೆ ಬಾರಿಸುತ್ತೆ, ಮೇಲೆ ಎರಡು ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರೇ ಬಂದು ಹೋಗ್ತಾರೆ, ಕೊನೆಗೆ ಕೋಳಿ ಕೂಗುತ್ತೆ. ಮುಗೀತು. ಅದಕ್ಕೆ ನಾವು ಅರ್ಧ ಗಂಟೆ ಕತ್ತು ಎತ್ಕಂಡು ನಿಂತಿದ್ವಿ, ಜನ ಅಂದ್ರೆ ಮಾರಿ ಜಾತ್ರೆ. ಕೋಳಿ ಕೂಗಿದ್ದೇ ಗೊತ್ತಾಗ್ಲಿಲ್ಲ, ಮುಂದೆ ಇದ್ದೋನು ಮಗೂನ ಹೆಗಲ ಮೇಲೆ ಕೂರಿಸ್ಕಂಡ. ಅದರದ್ದೊಂದು ಕತೆ ಇದೆ, ಮಾಡಿದವನ ಕಣ್ಣು ಕೀಳಿಸಿದ್ರಂತೆ ಊರಿನ ದೊಡ್ಡೋರು, ಬೇರೆ ಊರಿಗೆ ಇಂಥದ್ದು ಮಾಡಿಕೊಡಬಾರದು ಅಂತ. ಬರೀ ಕತೆ, ಮೊದಲು ಮಾಡಿದ್ದು ಆ ಕತೆಯವನು ಅಲ್ಲವೇ ಅಲ್ಲ, ಕಾದಾನ್ ಅನ್ನೋ ಊರಿನ ಮಿಕುಲಾಶ್ ಅಂತ ಒಬ್ಬ. ಆದ್ರೂ ನೋಡಿ, ನಮ್ಮ ಕತೇಲಿ ಜಕಣಾಚಾರಿ ತನ್ನ ಕೈ ತಾನೇ ಕಡ್ಕಂಡ, ಇವರ ಕತೇಲಿ ಕಣ್ಣನ್ನ ಬೇರೆಯೋರು ಕಿತ್ತರು. ಚೆನ್ನಾಗಿ ಕೆಲಸ ಮಾಡಿದವನಿಗೆ ಎಲ್ಲಾ ಕಡೆ ಒಂದೇ ಗತಿ ಅಂದ ಸೊರಬ, ಅವನಿಗೆ ಆ ವರ್ಷ ಅಪ್ರೈಸಲ್ ಚೆನ್ನಾಗಿ ಆಗಿರ್ಲಿಲ್ಲ.

ಅಷ್ಟೊತ್ತಿಗೇ ಪಾದ ಉರಿಯಕ್ಕೆ ಶುರು. ಆ ಊರಲ್ಲಿ ನೆಲ ಅಂದ್ರೆ ಕಲ್ಲು. ಫುಟ್‌ಪಾತಿಗೆ ಲಡ್ಡಿನಷ್ಟು ಸಣ್ಣ ಚೌಕ ಕಲ್ಲು, ರಸ್ತೆಗೆ ದೊಡ್ಡ ಉಬ್ಬು ಕಲ್ಲು, ಅದಕ್ಕೆ ಅವರ ಭಾಷೇಲಿ ಬೆಕ್ಕಿನ ತಲೆ ಅಂತಾರಂತೆ. ಸರಿಯಾಗೇ ಇಟ್ಟಿದಾರೆ ಹೆಸರು, ನೂರಾರು ಬೆಕ್ಕಿನ ತಲೆ ತುಳ್ಕಂಡು ಹೋದಂಗೆ ಆಗುತ್ತೆ. ನಾವು ಮಲೆನಾಡಿನೋರು ಗುಡ್ಡ ಹತ್ತೋದು ಹೌದು, ಆದ್ರೆ ನಮ್ಮ ಗುಡ್ಡ ಮಣ್ಣು, ದರಗು ಬಿದ್ದಿರುತ್ತೆ, ಕಾಲಿಟ್ಟಲ್ಲಿ ಮೆತ್ತಗೆ ಒಳಗೆ ಹೋಗುತ್ತೆ. ಇದು ಕಾಲಿಗೆ ವಾಪಸ್ ಹೊಡೆಯುತ್ತೆ. ಇಷ್ಟು ಸಣ್ಣ ವಿಷಯ ನಂಗೆ ಮೊದಲೇ ಹೊಳೀಲಿಲ್ಲ.

ಚಾರ್ಲ್ಸ್ ಸೇತುವೆ ಮಾತ್ರ ಸುಮ್ನೆ ಹೊಗಳ್ತಾರೆ ಅಂತ ಹೇಳಕ್ಕಾಗಲ್ಲ. 1357ರಲ್ಲಿ ಕಟ್ಟಕ್ಕೆ ಶುರು ಮಾಡಿದ್ದು, ಅರ್ಧ ಕಿಲೋಮೀಟರ್ ಉದ್ದ, ಎರಡೂ ಕಡೆ ಸೇರಿ ಮೂವತ್ತು ವಿಗ್ರಹ, ಕೆಳಗೆ ವ್ಲತಾವಾ ಹೊಳೆ, ನಮ್ಮ ತುಂಗೆ ಥರ ಸದ್ದಿಲ್ಲದೆ ಹೋಗ್ತಿರುತ್ತೆ. ಗಾರೆಗೆ ಮೊಟ್ಟೆ ಹಾಕಿದ್ರು, ಊರೂರಿಂದ ಮೊಟ್ಟೆ ತರಿಸಿದ್ರು, ಒಂದೂರಿನೋರು ಒಡೆಯಬಾರದು ಅಂತ ಬೇಯಿಸಿ ಕಳ್ಸಿದ್ರು ಅಂತ ಕತೆ. ನಮ್ಮಲ್ಲೂ ಹಳಬರು ಹೇಳ್ತಾರಲ್ಲ, ಗಾರೆಗೆ ಬೆಲ್ಲ ಹಾಕಿ ಅರೀತಿದ್ರು ಅಂತ. ಬೇಯಿಸಿ ಕಳಿಸಿದೋರು ಮಾತ್ರ ನಮ್ಮ ಕಡೆಯವರೇ ಇರ್ಬೇಕು, ಸಹಾಯನೂ ಮಾಡ್ಬೇಕು ಆಮೇಲೆ ಮಾತೂ ಬರಬಾರದು. ನೆಪೊಮುಕ್‌ನ ಜಾನ್ ಅಂತ ಒಬ್ಬ ಸಂತನ ವಿಗ್ರಹ ಇದೆ, ಪಾಪ 1393ರಲ್ಲಿ ಅವನನ್ನ ಇದೇ ಹೊಳೆಗೆ ಎಸೆದ್ರು. ಕೆಳಗಿರೋ ಫಲಕ ಮುಟ್ಟಿದ್ರೆ ಮತ್ತೆ ಪ್ರಾಗ್‌ಗೆ ಬರ್ತೀರಿ ಅಂತ ನಂಬಿಕೆ, ಮುಟ್ಟಿ ಮುಟ್ಟಿ ಆ ಭಾಗ ಬಂಗಾರದ ಹಾಗೆ ಹೊಳೀತಿದೆ. ಕೊಪ್ಪ ಕ್ಯೂ ನಿಂತು ಮುಟ್ಟಿದ. ನಾನು ಮುಟ್ಟಲಿಲ್ಲ. ಈ ಕಾಲಲ್ಲಿ ಮತ್ತೆ ಬರೋ ರಿಸ್ಕ್ ಯಾಕೆ.

ಮಧ್ಯಾಹ್ನ ಊಟದ ಬಗ್ಗೆ ಜಾಸ್ತಿ ಬರೆಯಲ್ಲ. ಕೊಪ್ಪನಿಗೆ ವೆಜ್ ಅಂತ ಸಿಕ್ಕಿದ್ದು ಚೀಸನ್ನೇ ದಪ್ಪಗೆ ಕೊಯ್ದು ಎಣ್ಣೇಲಿ ಕರಿದಿದ್ದು, ಜೊತೆಗೆ ಆಲೂಗಡ್ಡೆ. ಬೋಂಡಾ ಅಂದ್ಕಂಡು ತಿಂದ. ಅಲ್ಲಿ ಕುರ್ಚಿಯಲ್ಲಿ ಕೂತ ನಲವತ್ತು ನಿಮಿಷವೇ ನನ್ನ ಪಾಲಿಗೆ ಅವತ್ತಿನ ಮುಖ್ಯ ಪ್ರೇಕ್ಷಣೀಯ ಸ್ಥಳ.

ಆಮೇಲೆ ಕೋಟೆ. ಏರು, ಮೆಟ್ಟಿಲು, ಮತ್ತೆ ಏರು. ಒಳಗೆ ಸೇಂಟ್ ವೈಟಸ್ ಚರ್ಚು, 1344ರಲ್ಲಿ ಶುರು ಮಾಡಿದ್ದು ಮುಗಿದಿದ್ದು 1929ಕ್ಕೆ. ಹಕ್ಕಬುಕ್ಕರು ವಿಜಯನಗರ ಶುರು ಮಾಡಿ ಎಂಟು ವರ್ಷ ಆಗಿತ್ತು ಆಗ, ಆ ಸಾಮ್ರಾಜ್ಯ ಬೆಳೆದು ಹಾಳಾಗಿ ಇಕ್ಕೇರಿಯೋರು ಬಂದು ಹೋಗಿ, ನಮ್ಮಜ್ಜ ಹುಟ್ಟಿದ ವರ್ಷಕ್ಕೆ ಇವರ ಕೆಲಸ ಮುಗೀತು. ನಮ್ಮ ಬೀದಿಯ ಚರಂಡಿ ಎರಡು ವರ್ಷದಿಂದ ಹಂಗೇ ಅಗೆದು ಬಿಟ್ಟಿದಾರೆ, ಇನ್ಮೇಲೆ ಬೈಯಲ್ಲ. ಬಣ್ಣದ ಗಾಜಿನ ಕಿಟಕಿಯಿಂದ ಬಿಸಿಲು ಕೆಂಪು ನೀಲಿ ಆಗಿ ಕಂಬದ ಮೇಲೆ ಬಿದ್ದಿತ್ತು, ಅದನ್ನ ನೋಡ್ತಾ ಎರಡು ನಿಮಿಷ ಕಾಲು ಮರೆತೇ ಹೋಗಿತ್ತು. ಅಷ್ಟರಲ್ಲಿ ಕೊಪ್ಪ, "ಟವರ್ ಇದೆ ಕಣೋ, 287 ಮೆಟ್ಲು". ಹತ್ತಿದ್ವಿ. ಸುರುಳಿ ಮೆಟ್ಲು, ಹತ್ತೋರು ಇಳಿಯೋರು ಎಲ್ಲಾ ಅದರಲ್ಲೇ, ಎದುರಿಗೆ ಯಾರಾದ್ರೂ ಬಂದ್ರೆ ಗೋಡೆಗೆ ಹಲ್ಲಿ ಥರ ಅಂಟ್ಕಬೇಕು. ಮೇಲಿಂದ ಇಡೀ ಊರಿನ ಕೆಂಪು ಹೆಂಚಿನ ಮಾಡು ಕಂಡ್ತು, ಒಂದು ಕ್ಷಣ ನಮ್ಮೂರೇ ಅನ್ನಿಸ್ತು. ಸೊರಬ ಜಾಸ್ತಿ ಹೊತ್ತು ನೋಡ್ತಾ ನಿಂತಿದ್ದ. ಅವನು ಊರಿಗೆ ಬಂದು ಮೂರು ವರ್ಷ ಆಯ್ತು.

ಅಲ್ಲಿಂದ ಪೆಟ್ರಿನ್ ಗುಡ್ಡ. ಎತ್ತರ ಎಷ್ಟು ಗೊತ್ತಾ, ಸಮುದ್ರಮಟ್ಟದಿಂದ 327 ಮೀಟರ್. ನಮ್ಮ ಶಿವಮೊಗ್ಗ ಬಸ್‌ಸ್ಟ್ಯಾಂಡೇ ಅದಕ್ಕಿಂತ ಎತ್ತರದಲ್ಲಿದೆ, ಕೊಡಚಾದ್ರಿ 1343. ಅಂಥಾ ಗುಡ್ಡದ ಮೇಲೆ ಐಫೆಲ್ ಟವರಿನ ಮರಿ ಥರ ಒಂದು ಗೋಪುರ, 1891ರದ್ದು, 299 ಮೆಟ್ಲು. ಕೊಪ್ಪ ಒಬ್ಬನೇ ಹೋದ. ನಾವಿಬ್ರು ಶೂ ಬಿಚ್ಚಿ ಹುಲ್ಲಲ್ಲಿ ಬಿದ್ಕಂಡ್ವಿ, ಸೊರಬ ಐದೇ ನಿಮಿಷಕ್ಕೆ ಗೊರಕೆ.

ಇಳಿಯಕ್ಕೆ ಹಳಿ ಮೇಲೆ ಹಗ್ಗದಲ್ಲಿ ಎಳೆಯೋ ಗಾಡಿ ಇರುತ್ತೆ ಅಂತ ಶೀಟಲ್ಲಿತ್ತು. ಹಳೇದು ತೆಗೆದು ಹೊಸದು ಹಾಕೋ ಕೆಲಸಕ್ಕೆ ಅದು ಬಂದ್. ನಡ್ಕಂಡೇ ಇಳೀಬೇಕು. ಗುಡ್ಡ ತಿಳಿದೋರಿಗೆ ಗೊತ್ತಿರುತ್ತೆ, ಹತ್ತೋದು ಉಸಿರಿಗೆ ಕಷ್ಟ, ಇಳಿಯೋದು ಕಾಲಿಗೆ. ಹೊಸ ಶೂ ಒಳಗೆ ಪ್ರತಿ ಹೆಜ್ಜೆಗೂ ಹೆಬ್ಬೆಟ್ಟು ಮುಂದೆ ಹೋಗಿ ಗುದ್ದುತ್ತೆ, ಅಷ್ಟು ದೂರ ಗುದ್ದಿ ಗುದ್ದಿ ಉಗುರಿನ ಕತೆ ಮುಗೀತು. ಕೊನೆಗೆ ಶೂ ಕೈಯಲ್ಲಿ ಹಿಡ್ಕಂಡು ಬರಿಗಾಲಲ್ಲಿ ಇಳಿದೆ. ಎದುರಿಗೆ ನಾಯಿ ಕರ್ಕಂಡು ಬಂದ ಅಜ್ಜಿ ನನ್ನ ಕಾಲು ನೋಡಿ ಏನೋ ಅಂದ್ಲು, ಭಾಷೆ ಬರಲ್ಲ, ಆದ್ರೆ ನಮ್ಮಮ್ಮ ಬೈದಂಗೇ ಕೇಳಿಸ್ತು.

ಅಷ್ಟಾದ್ರೂ ದಿನ ಮುಗೀಬೇಕಲ್ಲ! ಜೂನಲ್ಲಿ ಅಲ್ಲಿ ಸೂರ್ಯ ಮುಳುಗೋದು 9 ಗಂಟೆ ದಾಟಿದ ಮೇಲೆ. ನಮ್ಮಲ್ಲಿ ಆ ತಿಂಗಳು ಮೋಡ ಕವ್ಕಂಡು ಸಂಜೆ ಐದಕ್ಕೇ ಲೈಟ್ ಹಾಕ್ತೀವಿ. ಬೆಳಕಿದೆ ಅಂತ ಕೊಪ್ಪ ಶೀಟ್ ತೆಗೆದ, ಇನ್ನೂ ನಾಲ್ಕು ಜಾಗ ಬಾಕಿ. ಸೊರಬ ಮೊಬೈಲ್ ತೋರಿಸಿದ, 31 ಸಾವಿರ ಹೆಜ್ಜೆ. ನಾನು ಮಾತೇ ಆಡದೆ ಎದುರಿಗೆ ಬಂದ ಟ್ರಾಮ್ ಹತ್ತಿ ಕೂತೆ, ಎಲ್ಲಿಗೆ ಹೋಗುತ್ತೆ ಅಂತಾನೂ ನೋಡ್ಲಿಲ್ಲ. ಬೇರೆ ದಾರಿ ಇಲ್ಲದೆ ಅವರಿಬ್ರೂ ಹತ್ತಿದ್ರು, ಸೊರಬನೇ ಕಾರ್ಡ್ ತೋರಿಸಿ ಟಿಕೆಟ್ ಮಾಡಿದ. ಅರ್ಧ ಗಂಟೆ ಸುಮ್ನೆ ಹೋದ್ವಿ, ಆ ಕಿಟಕಿಯಿಂದ ಕಂಡ ಪ್ರಾಗೇ ನಂಗೆ ಚೆಂದ ಕಂಡಿದ್ದು, ಬಾಲ್ಕನಿಯಲ್ಲಿ ಬಟ್ಟೆ ಒಣಗ್ಸೋ ಹೆಂಗಸು, ತರಕಾರಿ ಚೀಲ ಹಿಡ್ಕಂಡು ಇಳಿದೋರು.

ನಿನ್ನೆ ಕೊಪ್ಪ ಗ್ರೂಪಲ್ಲಿ ಹೊಸ ಶೀಟ್ ಹಾಕಿದಾನೆ, ಮುಂದಿನ ವರ್ಷಕ್ಕೆ ರೋಮ್. ಈ ಸಲ "ಕೂರೋದು" ಅಂತ ಒಂದು ಕಾಲಂ ಇದೆ. ಇಡೀ ದಿನಕ್ಕೆ ಸೇರಿ ಇಪ್ಪತ್ತು ನಿಮಿಷ. ಸೊರಬ ಇನ್ನೂ ಓದಿಲ್ಲ, ನಾನು ಓದಿದೀನಿ, ಉತ್ತರ ಏನು ಕೊಡೋದು ಅಂತ ನೋಡ್ತಿದೀನಿ. ಕರೆಂಟ್ ಹೋಯ್ತು.