ಪೊನ್ನಂಪೇಟೆ ತಾಲ್ಲೂಕಿನ ಜನಸಂಖ್ಯೆ ಎಷ್ಟು?

ಕೊಡಗಿನ ಅಂಕಿ-ಅಂಶದ ವಿಷಯ ಎತ್ತಿದರೆ ಸಾಕು, ಈ ಪ್ರಶ್ನೆ ಬರುತ್ತದೆ. ಪೊನ್ನಂಪೇಟೆ, ಕುಶಾಲನಗರ ತಾಲ್ಲೂಕುಗಳಾದವಲ್ಲ, ಅಲ್ಲಿ ಜನ ಎಷ್ಟು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುವುದೇಕೆ?

2011ರ ಜನಗಣತಿಯ ಪಟ್ಟಿಯಲ್ಲಿ ಆ ಎರಡು ತಾಲ್ಲೂಕುಗಳೇ ಇಲ್ಲ. ಆಗ ಇದ್ದದ್ದು ಮೂರು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಜಿಲ್ಲೆಯ ಒಟ್ಟು ಜನಸಂಖ್ಯೆ 5,54,519, ರಾಜ್ಯದಲ್ಲೇ ಅತಿ ಕಡಿಮೆ. ಹೊಸ ತಾಲ್ಲೂಕಿನ ಸಂಖ್ಯೆ ಬೇಕಿದ್ದರೆ ಊರೂರಿನ ಲೆಕ್ಕ ಕೂಡಿಸಿಕೊಳ್ಳಬೇಕು.

ಮೊದಲು ತಾಲ್ಲೂಕು ರಚನೆಯ ಅಧಿಸೂಚನೆ ಹಿಡಿದು, ಅದರಲ್ಲಿರುವ ಕಂದಾಯ ಗ್ರಾಮಗಳನ್ನೆಲ್ಲ ಬರೆದುಕೊಳ್ಳಿ. ಪೊನ್ನಂಪೇಟೆ, ಶ್ರೀಮಂಗಲ, ಹುದಿಕೇರಿ, ಬಾಳೆಲೆ ಹೋಬಳಿಗಳೆಂದು ತಿಳಿದಿದ್ದರೆ ಸಾಲದು. ಜನಗಣತಿಯ ಕೋಷ್ಟಕದಲ್ಲಿ ಹೋಬಳಿ ಅನ್ನುವ ಘಟಕವೇ ಇಲ್ಲ, ತಾಲ್ಲೂಕಿನಿಂದ ನೇರ ಗ್ರಾಮಕ್ಕೆ ಇಳಿಯುತ್ತದೆ. ಆಮೇಲೆ 2011ರ ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್ (ಊರೂರಿನ ಜನಸಂಖ್ಯೆ ಕೊಡುವ ಜನಗಣತಿ ಕೋಷ್ಟಕ) ತೆರೆದು, ಪೊನ್ನಂಪೇಟೆ ಬೇರ್ಪಡುವ ಮೊದಲಿನ ವಿರಾಜಪೇಟೆ ತಾಲ್ಲೂಕಿನ ಸಾಲುಗಳಲ್ಲಿ ಆ ಗ್ರಾಮಗಳನ್ನು ಹುಡುಕಿ. ಹೆಸರು ನೆಚ್ಚಿಕೊಳ್ಳಬೇಡಿ, ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ. ಒಮ್ಮೆ ಊರು ಗುರುತಿಸಿದ ಮೇಲೆ ಆರು ಅಂಕಿಯ ಗ್ರಾಮ ಸಂಕೇತವನ್ನೇ ಹಿಡಿದು ಮುಂದುವರಿಯಿರಿ.

ಇಡೀ ಕಾಲಂ ಕೂಡಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಅದೇ ಹಾಳೆಯಲ್ಲಿ ಜಿಲ್ಲೆಗೂ ತಾಲ್ಲೂಕಿಗೂ ಟೋಟಲ್, ರೂರಲ್, ಅರ್ಬನ್ ಎಂದು ಪ್ರತ್ಯೇಕ ಸಾಲುಗಳಿವೆ, ಪಟ್ಟಣಗಳ ವಾರ್ಡ್‌ಗಳೂ ಇವೆ. ಒಬ್ಬನೇ ಮನುಷ್ಯ ಹಲವು ಸಲ ಲೆಕ್ಕಕ್ಕೆ ಬರುತ್ತಾನೆ. ಕುಶಾಲನಗರದಲ್ಲಿ ಇದರ ಉಲ್ಟಾ: ಹಳ್ಳಿಗಳನ್ನು ಕೂಡಿಸಿ ಪಟ್ಟಣವನ್ನೇ ಬಿಟ್ಟಿರುತ್ತಾರೆ.

ಹಾಡಿಗಳ, ಅಂದರೆ ಆದಿವಾಸಿ ವಸತಿಗಳ ಲೆಕ್ಕ ಕೇಳುವವರಿಗೆ ಈ ದಾರಿಯಲ್ಲಿ ಉತ್ತರವಿಲ್ಲ. ಜನಗಣತಿಗೆ ಗ್ರಾಮವೆಂದರೆ ಕಂದಾಯ ಗ್ರಾಮ. ಹಾಡಿಯೋ ತೋಟದ ಕೂಲಿಯವರು ಇರುವ ಲೈನ್ ಮನೆಗಳೋ ಅದರೊಳಗೆ ಕರಗಿಹೋಗಿರುತ್ತವೆ. ಲೈನ್ ಮನೆಗಳದ್ದು ಇನ್ನೂ ಒಂದು ತೊಡಕು. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ರೊಬಸ್ಟಾ ಕಾಫಿ ಕೊಯ್ಲಿನ ಹೊತ್ತು. ಆ ದಿನಗಳನ್ನೆಲ್ಲ ತೋಟದಲ್ಲೇ ಕಳೆದ ಹೊರಗಿನ ಕೂಲಿಯವರನ್ನು ಎಣಿಸಬೇಕಾದದ್ದು ಅವರ ಊರಲ್ಲಲ್ಲ, ಇಲ್ಲೇ. ಮತದಾರರ ಪಟ್ಟಿಯಲ್ಲಿ ಅವರು ಸಿಗದೇ ಇರಬಹುದು. ಅದರಲ್ಲಿ ಹದಿನೆಂಟು ತುಂಬದ ಮಕ್ಕಳಂತೂ ಇರುವುದಿಲ್ಲ. ಒಂದೊಂದು ಕಚೇರಿಯ ಸಂಖ್ಯೆ ಒಂದೊಂದಾಗುವುದು ಹೀಗೆ. ಯಾರೂ ಸುಳ್ಳು ಹೇಳುತ್ತಿಲ್ಲ, ಎಣಿಸುತ್ತಿರುವುದೇ ಬೇರೆ.

ಹಳೆಯ ಲೆಕ್ಕಕ್ಕೆ ಶೇಕಡಾವಾರು ಸೇರಿಸಿ 'ಈಗಿನ ಜನಸಂಖ್ಯೆ' ಎಂದು ಬರೆಯುವವರಿಗೂ ಒಂದು ಮಾತು. 2001ರಿಂದ 2011ರ ನಡುವೆ ರಾಜ್ಯ ಬೆಳೆದದ್ದು ಶೇ. 15.6, ಕೊಡಗು ಬರೀ ಶೇ. 1.09, ಅಂದರೆ ಹತ್ತು ವರ್ಷಕ್ಕೆ 5,958 ಜನ. ರಾಜ್ಯದ ದರ ಹಾಕಿದರೆ 2021ಕ್ಕೆ 6.41 ಲಕ್ಷ, ಜಿಲ್ಲೆಯದೇ ದರ ಹಾಕಿದರೆ 5.6 ಲಕ್ಷ. ಎಂಬತ್ತು ಸಾವಿರ ಜನ ಕ್ಯಾಲ್ಕುಲೇಟರ್‌ನಲ್ಲೇ ಹುಟ್ಟಿಬಿಡುತ್ತಾರೆ!

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆಂದರೆ, ಆಡಳಿತ ನಿಂತಿರುವುದು ಈ ಸಂಖ್ಯೆಯ ಮೇಲೆ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಬೇಕು, ಕೊಡಗಿನಂಥ ಮಲೆನಾಡು ಜಿಲ್ಲೆಗಳಲ್ಲಿ 2,500 ಇದ್ದರೂ ಆಗುತ್ತದೆ. ಸದಸ್ಯರು 400 ಜನಕ್ಕೊಬ್ಬರು, ಉಳಿಕೆಗೂ ಒಬ್ಬರು: 2,900 ಜನರಿದ್ದರೆ ಎಂಟು ಸದಸ್ಯರು. ಲೆಕ್ಕಕ್ಕೆ ಹಿಡಿಯುವುದು ಪ್ರಕಟವಾದ ಕೊನೆಯ ಜನಗಣತಿಯನ್ನು. 2021ರದು ನಡೆಯಲಿಲ್ಲವಾದ್ದರಿಂದ ಹೊಸದು ಪ್ರಕಟವಾಗುವವರೆಗೆ 2011ರದ್ದೇ.

ಮುಂದಿನ ಗಣತಿಗೆ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಹಿಡಿಯುವುದರಿಂದ, ಆ ಪಟ್ಟಿ ಬಂದಾಗ ಪೊನ್ನಂಪೇಟೆಗೆ ತನ್ನದೇ ಒಂದು ಸಾಲು ಇರಬೇಕು. ಆದರೆ 2011ರ ವಿರಾಜಪೇಟೆಯ ಜೊತೆ 2027ರ ವಿರಾಜಪೇಟೆಯನ್ನು ಹೋಲಿಸಿ 'ಜನ ಊರು ಬಿಟ್ಟರು' ಎಂದು ಬರೆಯುವ ಮೊದಲು ಪೊನ್ನಂಪೇಟೆಯ ಸಾಲನ್ನೂ ಕೂಡಿಸಿ ನೋಡಿ.